ಸೈನ್ಸು ನಮ್ಮಂತೋರಿಗಲ್ಲ ಅಂದವರು ಯಾರು?

ನಮ್ಮ ಕೇರಿಗಳಲ್ಲಿ ಒಂದು ಮಾತು ಬಹಳ ದಿನದಿಂದ ಓಡಾಡುತ್ತಿದೆ. ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸು ತೆಗೆದುಕೊಂಡು ಬಂದರೂ ಹಿರಿಯರು ಹೇಳುವುದು ಇದನ್ನೇ: 'ಸೈನ್ಸು ನಮ್ಮಂತೋರಿಗಲ್ಲ ಕಣಪ್ಪ, ಆರ್ಟ್ಸ್ ತಗೊ.' ಈ ಮಾತಿನಲ್ಲಿ ದ್ವೇಷ ಇಲ್ಲ. ಮಗನ ಮೇಲಿನ ಪ್ರೀತಿಯಿಂದಲೇ ಹೇಳುತ್ತಾರೆ, ಕಣ್ಣಾರೆ ಕಂಡದ್ದನ್ನು ಹೇಳುತ್ತಾರೆ. ಸೈನ್ಸ್ ತಗೊಂಡ ಪಕ್ಕದ ಮನೆ ಹುಡುಗ ಮೊದಲ ವರ್ಷವೇ ಫೇಲಾಗಿ, ನಾಚಿಕೆಯಿಂದ ಊರಿಗೂ ಬಾರದೆ, ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಸೇರಿಕೊಂಡದ್ದನ್ನು ಅವರು ಕಂಡಿದ್ದಾರೆ. ಅದೇ ಹುಡುಗ ಹತ್ತನೇ ಕ್ಲಾಸಿನವರೆಗೆ ಲೆಕ್ಕದಲ್ಲಿ, ವಿಜ್ಞಾನದಲ್ಲಿ ಮುಂದಿದ್ದ ಎಂಬುದನ್ನು ಮಾತ್ರ ಎಲ್ಲರೂ ಮರೆತುಬಿಡುತ್ತಾರೆ.

ಹತ್ತನೇ ಕ್ಲಾಸಿನವರೆಗೆ ಇದ್ದ ತಲೆ ಎರಡು ತಿಂಗಳ ಬೇಸಿಗೆ ರಜೆಯಲ್ಲಿ ಎಲ್ಲಿ ಹೋಯಿತು? ಬದಲಾದದ್ದು ಒಂದೇ. ಅವನಿಗೆ ಪಾಠ ಹೇಳುವ ಭಾಷೆ ಕನ್ನಡದಿಂದ ಇಂಗ್ಲಿಷಿಗೆ ಹೋಯಿತು. ಆದರೂ ನಾವು ಭಾಷೆಯನ್ನು ದೂರುವುದಿಲ್ಲ, ಹುಡುಗನನ್ನು ದೂರುತ್ತೇವೆ. ಊರಿನವರು ಅವನ ಜಾತಿಯನ್ನು ದೂರುತ್ತಾರೆ. 'ಮೆರಿಟ್ ಇಲ್ಲ, ಮೀಸಲಾತಿಯಲ್ಲಿ ಬಂದವನು' ಅನ್ನುತ್ತಾರೆ. ಈ ಮಾತಿಗೆ ಒಂದು ಚರಿತ್ರೆ ಇದೆ. ಅದನ್ನು ನಾವೇ ಬಿಚ್ಚಿ ನೋಡಬೇಕು, ಬೇರೆ ಯಾರೂ ನಮಗಾಗಿ ನೋಡುವುದಿಲ್ಲ.

ಮೊದಲು ನಾವು ಕಂಡದ್ದನ್ನು ಹೇಳುತ್ತೇವೆ. ಹಳ್ಳಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ ಹತ್ತು ವರ್ಷ ಓದಿದ ನಾವು ಕೆಲವರು ಪಟ್ಟಣದ ಒಂದು ಕಾಲೇಜಿಗೆ ಪಿಯುಸಿ ಸೈನ್ಸಿಗೆ ಸೇರಿದೆವು. ಇರುವುದು ಸರ್ಕಾರಿ ಹಾಸ್ಟೆಲ್ಲಿನಲ್ಲಿ. ಭೌತಶಾಸ್ತ್ರದ ಮೊದಲ ವಾರವೇ ಲೆಕ್ಚರರು ಬೋರ್ಡಿನ ಮೇಲೆ ಬರೆಯದೆ ಬಾಯಲ್ಲೇ ಹೇಳಿ ಬರೆಸಿದರು: 'ಆಕ್ಸಲರೇಷನ್ ಈಸ್ ದಿ ರೇಟ್ ಆಫ್ ಚೇಂಜ್ ಆಫ್ ವೆಲಾಸಿಟಿ ವಿತ್ ರೆಸ್ಪೆಕ್ಟ್ ಟು ಟೈಮ್.' ನಮ್ಮ ಜೊತೆಯ ಹುಡುಗನೊಬ್ಬ ಎದ್ದು ನಿಂತ. ಅವನಿಗೆ ಆಕ್ಸಲರೇಷನ್ ಗೊತ್ತಿರಲಿಲ್ಲ, ಆದರೆ ರೆಸ್ಪೆಕ್ಟ್ ಅನ್ನುವ ಮಾತು ಗೊತ್ತಿತ್ತು. ರೆಸ್ಪೆಕ್ಟ್ ಅಂದರೆ ಮರ್ಯಾದೆ. 'ಸಾರ್, ಟೈಮಿಗೆ ಯಾಕೆ ಮರ್ಯಾದೆ ಕೊಡಬೇಕು ಸಾರ್?' ಅಂತ ಕೇಳಿದ.

ಇಡೀ ಕ್ಲಾಸು ನಕ್ಕಿತು. ಲೆಕ್ಚರರೂ ನಕ್ಕರು. ನಾವೂ ನಕ್ಕೆವು, ಅದನ್ನು ಇವತ್ತು ಒಪ್ಪಿಕೊಳ್ಳಬೇಕು. ಆ ಹುಡುಗ ಕೂತುಕೊಂಡ. ಆ ವರ್ಷವೆಲ್ಲ ಇನ್ನೊಂದು ಸಲ ಎದ್ದು ನಿಲ್ಲಲಿಲ್ಲ. ಪರೀಕ್ಷೆಯಲ್ಲಿ ಫೇಲಾದ. ಮರ್ಯಾದೆಯ ಪ್ರಶ್ನೆಯನ್ನು ಕೇಳಿದವನು ತಾನೇ ಮರ್ಯಾದೆ ಕಳಕೊಂಡು ಕೂತ. ಅವನ ಪ್ರಶ್ನೆ ಮೂರ್ಖನ ಪ್ರಶ್ನೆಯಾಗಿರಲಿಲ್ಲ ಎಂಬುದು ನಮಗೆ ಅರ್ಥವಾಗುವ ಹೊತ್ತಿಗೆ ಬಹಳ ವರ್ಷ ಕಳೆದಿತ್ತು.

ಈಗ ಹಿಂದಕ್ಕೆ ಹೋಗೋಣ. 1856ರಲ್ಲಿ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಕೇಳಿದ. ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನಾಗದೆ ಬೊಂಬಾಯಿ ಸರ್ಕಾರಕ್ಕೇ ಅರ್ಜಿ ಹಾಕಿದ. ಸರ್ಕಾರದ ಉತ್ತರ ವಿಚಿತ್ರವಾಗಿತ್ತು. ನ್ಯಾಯವೇನೋ ಹುಡುಗನ ಕಡೆಯೇ ಇದೆ, ಆದರೆ ಒಬ್ಬನಿಗೋಸ್ಕರ ಕಾಲಕಾಲದಿಂದ ಬಂದ ಜನರ ಭಾವನೆಗೆ ವಿರುದ್ಧ ಹೋದರೆ ಶಾಲೆಯೇ ನಿಷ್ಪ್ರಯೋಜಕವಾದೀತು ಅನ್ನುವುದು ಅದರ ಸಾರ. ನ್ಯಾಯ ನಿನ್ನದು, ಶಾಲೆ ಅವರದು! 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ಜಾತಿಯವರಿಗೂ ಸೇರಿದ್ದು ಅಂತ ಬರೆದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಊರಿನಲ್ಲಿ ತೆರೆಯಲಿಲ್ಲ. ಆ ಹುಡುಗನ ಮೊಮ್ಮಕ್ಕಳ ಕಾಲಕ್ಕೂ ನಮ್ಮವರು ಶಾಲೆಯ ಜಗಲಿಯ ಕೆಳಗೆ, ಮರದ ಬುಡದಲ್ಲಿ ಕೂತು ಅಕ್ಷರ ಕೇಳಿಸಿಕೊಂಡದ್ದೇ ಹೆಚ್ಚು.

ಇದೇ ಕಾಲದಲ್ಲಿ ವಿದ್ಯೆಯ ಭಾಷೆ ಯಾವುದು ಎಂಬುದೂ ತೀರ್ಮಾನವಾಗುತ್ತಿತ್ತು. 1835ರಲ್ಲಿ ಮೆಕಾಲೆಯ ಟಿಪ್ಪಣಿ, ಬೆಂಟಿಂಕನ ಆಜ್ಞೆ ಬಂದು ಸರ್ಕಾರದ ದುಡ್ಡು ಇಂಗ್ಲಿಷ್ ವಿದ್ಯೆಯ ಕಡೆ ತಿರುಗಿತು. 1854ರ ವುಡ್ ಎಂಬವನ ಶಿಕ್ಷಣ ಪತ್ರ ಸ್ವಲ್ಪ ಬೇರೆ ರಾಗ ಹಾಡಿತು. ಮೇಲಿನ ವಿದ್ಯೆ ಇಂಗ್ಲಿಷಿನಲ್ಲಿ ಇರಲಿ, ಜನಸಾಮಾನ್ಯರಿಗೆ ಯುರೋಪಿನ ತಿಳುವಳಿಕೆ ಅವರವರ ನುಡಿಯಲ್ಲೇ ಮುಟ್ಟಲಿ ಅಂತ ಅದು ಹೇಳಿತು. ಓದುವುದಕ್ಕೆ ಚೆನ್ನಾಗಿದೆ. ಆದರೆ ನಡೆದದ್ದು ಒಂದೇ ಕಡೆಯದು. 1857ರಲ್ಲಿ ಕಲ್ಕತ್ತೆ, ಬೊಂಬಾಯಿ, ಮದರಾಸುಗಳಲ್ಲಿ ಇಂಗ್ಲಿಷಿನ ವಿಶ್ವವಿದ್ಯಾಲಯಗಳು ಎದ್ದುವು. ಜನಸಾಮಾನ್ಯರಿಗೆ ಅವರ ನುಡಿಯಲ್ಲಿ ಕೊಡಬೇಕಾದ ತಿಳುವಳಿಕೆ ದಾರಿಯಲ್ಲೇ ನಿಂತಿತು. 1882ರಲ್ಲಿ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆಯವರು ಇದನ್ನೇ ಕೇಳಿದರು. ಕಂದಾಯ ಕಟ್ಟುವವನು ರೈತ, ಆ ದುಡ್ಡಿನಲ್ಲಿ ಕಾಲೇಜು ಓದುವವರು ಮೇಲಿನವರು, ಇದು ಯಾವ ನ್ಯಾಯ ಅಂತ. ಒಬ್ಬರು ಮೇಲೆ ಓದಿದರೆ ಅವರಿಂದ ಕೆಳಗಿನವರಿಗೆ ವಿದ್ಯೆ ತಾನಾಗಿ ಸೋರಿ ಬರುತ್ತದೆ ಅಂತ ಆಳುವವರು ನಂಬಿಸಿದ್ದರು. ಕೆರೆಯ ನೀರೇ ನಮ್ಮ ಕಡೆ ಹರಿಯದ ದೇಶದಲ್ಲಿ ವಿದ್ಯೆ ಹರಿದು ಬರುತ್ತದೆಯೆ?

ಮೈಸೂರು ಸಂಸ್ಥಾನದ ಕಡೆ ಬರೋಣ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆಯಿತು. ವಿಜ್ಞಾನದ ಪಾಠ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಇಂಗ್ಲಿಷಿನಲ್ಲಿ. ಇದಾದ ಎರಡು ವರ್ಷಕ್ಕೆ, 1918ರಲ್ಲಿ, ಕನ್ನಡ ನಾಡಿಗೆ ಸಂಬಂಧಪಟ್ಟ ಮೂರು ಸಂಗತಿಗಳು ನಡೆದುವು. ಇವನ್ನು ಬೇರೆ ಬೇರೆಯಾಗಿ ಎಲ್ಲರೂ ಹೇಳುತ್ತಾರೆ. ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಕಥೆ ಕಾಣುತ್ತದೆ.

ಒಂದು: ಬೆಂಗಳೂರಿನಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಟಿತು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಅದನ್ನು ನಡೆಸಿದರು. ಕನ್ನಡದಲ್ಲಿ ವಿಜ್ಞಾನ ಹೇಳಲು ಆಗುತ್ತದೆ ಅಂತ ತೋರಿಸಿದ ದೊಡ್ಡ ಕೆಲಸ ಅದು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಅವರ ಶ್ರಮವನ್ನು ನಾವು ಕೀಳು ಮಾಡುವುದಿಲ್ಲ.

ಎರಡು: ಅದೇ ವರ್ಷ ಮೈಸೂರು ಸರ್ಕಾರ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದವರಿಗೆ ಪಾಲು ಎಲ್ಲಿ ಎಂಬ ಕೂಗು ಎದ್ದಿತ್ತು. 1919ರಲ್ಲಿ ವರದಿ ಬಂತು. ನೌಕರಿಗೆ ಬೇಕಾದದ್ದು ಇಂಗ್ಲಿಷ್ ವಿದ್ಯೆ, ಆ ವಿದ್ಯೆ ಯಾರ ಮನೆಯಲ್ಲಿ ಇತ್ತೋ ಅವರ ಮನೆಗೇ ನೌಕರಿ ಹೋಗುತ್ತಿತ್ತು. ಕಾಲೇಜಿನ ಬೆಂಚಿನ ಮೇಲೆ ಯಾರು ಕೂತಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೂರು: ಹೈದರಾಬಾದಿನಲ್ಲಿ ನಿಜಾಮರು ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪಿಸಿದರು. ಅಲ್ಲಿ ಉರ್ದುವೇ ಮಾಧ್ಯಮ. ತರ್ಜುಮೆಗೆಂದೇ ಒಂದು ಇಲಾಖೆ ತೆರೆದು ಗಣಿತ, ರಸಾಯನ, ವೈದ್ಯ, ಇಂಜಿನಿಯರಿಂಗ್ ಎಲ್ಲವನ್ನೂ ಉರ್ದುವಿಗೆ ತಂದರು. ದೇಶಭಾಷೆಯಲ್ಲಿ ದೊಡ್ಡ ವಿಜ್ಞಾನ ಹೇಳಲು ಆಗುವುದಿಲ್ಲ ಅನ್ನುವವರಿಗೆ ಉಸ್ಮಾನಿಯಾ ಒಂದು ಉತ್ತರ. ಆದರೆ ಬೀದರ್, ಗುಲ್ಬರ್ಗಾ, ರಾಯಚೂರು ಆಗ ಆ ಸಂಸ್ಥಾನದಲ್ಲೇ ಇದ್ದುವು. ಅಲ್ಲಿನ ಕನ್ನಡದ ಹುಡುಗನಿಗೆ ಉರ್ದು ಮನೆಮಾತಲ್ಲ. ಅರಬ್ಬೀ, ಪಾರ್ಸಿಯಿಂದ ಕಟ್ಟಿದ ಆ ವಿಜ್ಞಾನದ ಶಬ್ದಗಳು ಅವನಿಗೆ ಇಂಗ್ಲಿಷಿನಷ್ಟೇ ದೂರ. ದೇಶಭಾಷೆ ಆದ ಮಾತ್ರಕ್ಕೆ ಅದು ನಮ್ಮ ಭಾಷೆ ಆಗಿಬಿಡುವುದಿಲ್ಲ ಎಂಬ ಪಾಠವೂ ಇಲ್ಲಿದೆ. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಅಲ್ಲಿಯೂ ಉರ್ದು ಹೋಗಿ ಇಂಗ್ಲಿಷ್ ಬಂತು.

ಉಸ್ಮಾನಿಯಾದ ಮಾತು ಯಾಕೆ ತೆಗೆದೆವು? ನಮ್ಮ ಕನ್ನಡ ವಿಜ್ಞಾನದಲ್ಲೂ ಅದೇ ಆಯಿತು. ಅಲ್ಲಿ ಅರಬ್ಬೀ, ಪಾರ್ಸಿ. ಇಲ್ಲಿ ಸಂಸ್ಕೃತ. ಕನ್ನಡಕ್ಕೆ ವಿಜ್ಞಾನ ತರಲು ಹೊರಟವರು ಓದಿದವರು, ಓದಿದವರು ಅಂದರೆ ಆ ಕಾಲಕ್ಕೆ ಸಂಸ್ಕೃತ ಬಲ್ಲವರು. ಹೊಸ ಶಬ್ದ ಬೇಕೆಂದಾಗ ಅವರು ಕೈ ಚಾಚಿದ್ದು ಸಂಸ್ಕೃತದ ಪೆಟ್ಟಿಗೆಗೆ. ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ, ದ್ರವ್ಯರಾಶಿ, ಪತ್ರಹರಿತ್ತು. ಇವು ಕನ್ನಡ ಅಕ್ಷರದಲ್ಲಿವೆ ಅಂತ ಕನ್ನಡ. ನಮ್ಮವ್ವನ ಬಾಯಲ್ಲಿ ಇವು ಹೊರಳುವುದಿಲ್ಲ, ನಮ್ಮ ಮೇಷ್ಟ್ರ ಬಾಯಲ್ಲೂ ಕಷ್ಟಪಟ್ಟೇ ಹೊರಳುತ್ತಿದ್ದುವು.

ಆಮ್ಲಜನಕ ಅನ್ನುವ ಒಂದು ಮಾತನ್ನೇ ತೆಗೆದುಕೊಳ್ಳಿ. ಆಮ್ಲವನ್ನು ಹುಟ್ಟಿಸುವುದು ಅಂತ ಅದರ ಅರ್ಥ. ಫ್ರಾನ್ಸಿನ ಲವಾಸಿಯೇ ಎಂಬ ವಿಜ್ಞಾನಿ ಎಲ್ಲ ಆಮ್ಲಗಳಲ್ಲೂ ಈ ಗಾಳಿ ಇದೆ ಅಂತ ನಂಬಿ ಆಕ್ಸಿಜನ್ ಅಂತ ಹೆಸರಿಟ್ಟ. ಆ ನಂಬಿಕೆ ತಪ್ಪು ಅಂತ ಹತ್ತೊಂಬತ್ತನೇ ಶತಮಾನದ ಮೊದಲಿಗೇ ಇಂಗ್ಲೆಂಡಿನ ಡೇವಿ ತೋರಿಸಿಕೊಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ನಮ್ಮವರು ಆ ತಪ್ಪನ್ನೂ ಬಿಡದೆ ಸಂಸ್ಕೃತಕ್ಕೆ ತರ್ಜುಮೆ ಮಾಡಿಕೊಟ್ಟರು. ಅದನ್ನು ಹತ್ತು ವರ್ಷ ಬಾಯಿಪಾಠ ಮಾಡಿದ ಹುಡುಗ ಪಿಯುಸಿಗೆ ಬಂದರೆ ಆ ಮಾತನ್ನು ಬಿಸಾಕಿ ಆಕ್ಸಿಜನ್ ಅನ್ನಬೇಕು. ಮೇಲ್ಜಾತಿಯ ಪಟ್ಟಣದ ಹುಡುಗ ಒಂದು ಸಲ ಕಲಿಯುವುದನ್ನು ನಮ್ಮ ಹುಡುಗ ಎರಡು ಸಲ ಕಲಿಯಬೇಕು, ಎರಡು ಸಲವೂ ಪರಭಾಷೆಯಲ್ಲೇ.

ಹಾಗಾದರೆ ನಮ್ಮವರಲ್ಲಿ ವಿಜ್ಞಾನದ ಮಾತು ಇರಲಿಲ್ಲವೆ? ಚರ್ಮ ಹದ ಮಾಡುತ್ತಿದ್ದ ನಮ್ಮ ಹಿರಿಯರನ್ನು ನೆನೆಸಿಕೊಳ್ಳಿ. ಹಸಿ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಸಡಿಲ ಮಾಡುತ್ತಿದ್ದರು. ತಂಗಡಿ ಗಿಡದ ತೊಗಟೆಯನ್ನು ಕುಟ್ಟಿ, ಆ ಒಗರು ನೀರಿನಲ್ಲಿ ದಿನಗಟ್ಟಲೆ ಇಟ್ಟು ಕೊಳೆಯದ ತೊಗಲು ಮಾಡುತ್ತಿದ್ದರು. ಸುಣ್ಣ ಕ್ಷಾರ, ಅದು ಕೂದಲಿನ ಬುಡ ಬಿಡಿಸುತ್ತದೆ. ತೊಗಟೆಯ ಒಗರಿನಲ್ಲಿರುವುದು ಟ್ಯಾನಿನ್, ಅದು ಚರ್ಮದ ಪ್ರೋಟೀನನ್ನು ಹಿಡಿದುಕೊಂಡು ಕೊಳೆಯದಂತೆ ಮಾಡುತ್ತದೆ. ಇದು ರಸಾಯನಶಾಸ್ತ್ರ ಅಲ್ಲದೆ ಮತ್ತೇನು? ಆ ಕೈಗಳಿಗೆ ಒಂದು ಮಾತು ಇತ್ತು: ಹದ. ಬೆಲ್ಲದ ಪಾಕಕ್ಕೂ ಹದ, ಉಳುವ ಮಣ್ಣಿಗೂ ಹದ, ತೊಗಲಿಗೂ ಹದ. ಎಷ್ಟು ಕಾವು, ಎಷ್ಟು ತೇವ, ಎಷ್ಟು ಹೊತ್ತು ಎಂಬುದೆಲ್ಲ ಆ ಎರಡಕ್ಷರದಲ್ಲಿದೆ. ಆದರೆ ಆ ಕೆಲಸ ಹೊಲಸು ಅಂದರು, ಮಾಡುವವರನ್ನು ಮುಟ್ಟಬಾರದು ಅಂದರು. ಮುಟ್ಟದವರ ಬಾಯಿಂದ ಬಂದ ಮಾತು ಪಠ್ಯಪುಸ್ತಕ ಸೇರುವುದು ಹೇಗೆ? ಹಿಂದಿನವರ ಕಸುಬೇ ಚೆನ್ನಾಗಿತ್ತು, ಅದಕ್ಕೇ ಹೋಗೋಣ ಅಂತ ನಾವು ಖಂಡಿತ ಹೇಳುವುದಿಲ್ಲ. ಆ ನಾತದ ತೊಟ್ಟಿಯಿಂದ ನಮ್ಮ ಮಕ್ಕಳು ಹೊರಗೆ ಬರಲೇಬೇಕು. ಆದರೆ ನಿಮ್ಮ ತಲೆಗೆ ಸೈನ್ಸ್ ಹತ್ತುವುದಿಲ್ಲ ಅನ್ನುವವರಿಗೆ ಆ ತೊಟ್ಟಿಯನ್ನು ತೋರಿಸಬೇಕು.

ಕನ್ನಡದ ಕಡೆಯಿಂದ ಒಳ್ಳೆಯ ಪ್ರಯತ್ನಗಳೂ ಆದುವು, ಅವನ್ನು ಮರೆಯುವುದು ಅನ್ಯಾಯ. ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗೆ 'ಬಾಲ ಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ಶೂದ್ರ ಮನೆಯಿಂದ ಬಂದ ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದು, ಕನ್ನಡದಲ್ಲೇ ಮೇಲಿನ ವಿದ್ಯೆ ನಡೆಯಬೇಕು ಅಂತ ಹಟ ಹಿಡಿದರು. ಜಿ.ಟಿ. ನಾರಾಯಣರಾವ್, ಜೆ.ಆರ್. ಲಕ್ಷ್ಮಣರಾವ್ ಅಂಥವರು ಜೀವಮಾನವೆಲ್ಲ ಕನ್ನಡದಲ್ಲಿ ವಿಜ್ಞಾನ ಬರೆದರು. ಗಿಡಮರಗಳ ಪ್ರೊಫೆಸರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಿದ ಯಾರೂ ಕನ್ನಡದಲ್ಲಿ ವಿಜ್ಞಾನ ಹೇಳಲು ಬರುವುದಿಲ್ಲ ಅನ್ನಲಾರರು. ಇಷ್ಟಾದರೂ ಕಾಲೇಜಿನ ಲ್ಯಾಬಿನ ಬಾಗಿಲಲ್ಲಿ ಕನ್ನಡ ನಿಂತಿತು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಕನ್ನಡಕ್ಕೆ ಬಂದುವು. ಕೆಲಸ, ದುಡ್ಡು, ಅಧಿಕಾರ ತರುವ ವೈದ್ಯ, ಇಂಜಿನಿಯರಿಂಗ್ ಇಂಗ್ಲಿಷಿನಲ್ಲೇ ಉಳಿದುವು. ಇದು ಆಕಸ್ಮಿಕವೆ? ಯಾರ ಮಕ್ಕಳು ಯಾವ ಬೆಂಚಿನ ಮೇಲೆ ಕೂತಿದ್ದರು ಅಂತ ನೋಡಿದರೆ ಸಾಕು, ಉತ್ತರ ಸಿಗುತ್ತದೆ.

ಇಷ್ಟು ಹೇಳಿದ ಮೇಲೆ ಕೆಲವರು ನಮ್ಮ ಬೆನ್ನು ತಟ್ಟಬಹುದು. 'ಸರಿಯಾಗಿ ಹೇಳಿದಿರಿ, ಇಂಗ್ಲಿಷನ್ನು ಓಡಿಸೋಣ' ಅನ್ನಬಹುದು. ಅವರಿಗೆ 1973ನ್ನು ನೆನಪು ಮಾಡಬೇಕಾಗುತ್ತದೆ. ಆ ವರ್ಷ ನವೆಂಬರಿನಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಕೇರಿಯ ಹುಡುಗನ ಹೊಟ್ಟೆಗೂ ತಲೆಗೂ ಹಿಡಿಯುವಂಥದ್ದು ಅದರಲ್ಲಿ ಏನಿದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಪ್ರಶ್ನೆಗೆ ಉತ್ತರ ಹೇಳುವ ಬದಲು ಬೀದಿಗಳಲ್ಲಿ ಗಲಭೆ ಎಬ್ಬಿಸಿದರು, ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಆ ಏಟು ತಿಂದವರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಕನ್ನಡದ ಹೆಸರಿನಲ್ಲಿ ನಮ್ಮ ಹಾಸ್ಟೆಲಿನ ಬಾಗಿಲಿಗೆ ಬಂದ ಕಲ್ಲುಗಳನ್ನು ನಾವು ಮರೆತಿಲ್ಲ.

ಬಾಬಾಸಾಹೇಬರ ಬದುಕನ್ನೂ ನೋಡಿ. ಅವರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಬೇಕೆಂದರು. ಅಸ್ಪೃಶ್ಯ ಅಂತ ಬಿಡಲಿಲ್ಲ, ಪಾರ್ಸಿ ತೆಗೆದುಕೊಳ್ಳಬೇಕಾಯಿತು. ಈ ದೇಶದ ಪವಿತ್ರ ಭಾಷೆ ಮುಚ್ಚಿದ ಬಾಗಿಲನ್ನು ಪರದೇಶದ ಭಾಷೆ ತೆರೆಯಿತು. 1913ರಲ್ಲಿ ಅಮೆರಿಕದ ಕೊಲಂಬಿಯಾಕ್ಕೆ ಹೋಗಿ ಇಂಗ್ಲಿಷಿನಲ್ಲಿ ಓದಿ ಜಗತ್ತಿನ ವಿದ್ವಾಂಸರ ಸಮಕ್ಕೆ ನಿಂತರು. ಆದರೆ ತಮ್ಮ ಜನಕ್ಕೆ ಮಾತಾಡಬೇಕಾದಾಗ 1920ರಲ್ಲಿ ಹೊರಡಿಸಿದ ಪತ್ರಿಕೆ ಇಂಗ್ಲಿಷಿನದಲ್ಲ, ಮರಾಠಿಯದು. ಅದಕ್ಕೆ ಅವರು ಇಟ್ಟ ಹೆಸರು 'ಮೂಕನಾಯಕ'. ಬಾಯಿಲ್ಲದವರ ನಾಯಕ. ಎದುರಾಳಿಯ ಮುಂದೆ ನಿಲ್ಲಲು ಇಂಗ್ಲಿಷ್, ನಮ್ಮವರ ಬಾಯಿ ಬಿಡಿಸಲು ನಮ್ಮ ಮಾತು. ಅವರಿಗೆ ಎರಡೂ ಬೇಕಿತ್ತು. ನಮಗೂ ಎರಡೂ ಬೇಕು.

1980ರಲ್ಲಿ ವಿ.ಕೃ. ಗೋಕಾಕರ ಸಮಿತಿ ನೇಮಕವಾಯಿತು, 1981ರಲ್ಲಿ ವರದಿ ಬಂತು, 1982ರಲ್ಲಿ ಚಳವಳಿ ನಾಡನ್ನೇ ಎಬ್ಬಿಸಿತು. ಪ್ರೌಢಶಾಲೆಯಲ್ಲಿ ಕನ್ನಡ ಪ್ರಥಮ ಭಾಷೆಯಾಗಬೇಕು ಎಂಬುದು ಬೇಡಿಕೆ. ನ್ಯಾಯವಾದ ಬೇಡಿಕೆ. ಆದರೆ ಪ್ರೌಢಶಾಲೆ ಮುಗಿಸಿದ ಮಾರನೇ ದಿನ ಕನ್ನಡದ ಹುಡುಗ ವಿಜ್ಞಾನದ ಕ್ಲಾಸಿನಲ್ಲಿ ಏನು ಮಾಡಬೇಕು ಎಂಬುದನ್ನು ಆ ಮೆರವಣಿಗೆಗಳಲ್ಲಿ ಕೇಳಿದವರು ಕಮ್ಮಿ. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆ ಇಲ್ಲವೆ ಕನ್ನಡವೇ ಮಾಧ್ಯಮ ಅಂತ ಆದೇಶ ಮಾಡಿತು. ಇಪ್ಪತ್ತು ವರ್ಷ ಕೋರ್ಟಿನಲ್ಲಿ ಅಲೆದು, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮಾಧ್ಯಮ ಯಾವುದೆಂದು ಸರ್ಕಾರ ಹೇರುವಂತಿಲ್ಲ, ಅದು ಮಗುವಿನ ಪರವಾಗಿ ತಂದೆತಾಯಿಗಳ ಆಯ್ಕೆ ಅಂತ ತೀರ್ಪು ಕೊಟ್ಟಿತು. ಆಯ್ಕೆ ಅಂದರೆ ದುಡ್ಡಿದ್ದವರ ಆಯ್ಕೆ. ಕೂಲಿ ಮಾಡುವ ತಾಯಿಗೆ ಇದ್ದ ಆಯ್ಕೆ ಊರಿನ ಸರ್ಕಾರಿ ಶಾಲೆ ಒಂದೇ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ಕನ್ನಡದ ಹಿರಿಯರು ನೊಂದುಕೊಂಡರು. ಅವರ ನೋವು ಸುಳ್ಳಲ್ಲ. ಆದರೆ ಅಲ್ಲಿ ಮಗುವಿನ ಹೆಸರು ಬರೆಸಲು ನಿಂತ ನಮ್ಮವ್ವಂದಿರ ಆಸೆಯೂ ಸುಳ್ಳಲ್ಲ. ಆ ತಾಯಿಯನ್ನು ಕನ್ನಡದ ದ್ರೋಹಿ ಅನ್ನುವ ಹಕ್ಕು ಯಾರಿಗೂ ಇಲ್ಲ.

2017ರಿಂದ ಡಾಕ್ಟರ್ ಓದಿಗೆ ಹೋಗುವ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬಂತು. ಕೇಳಲು ಖುಷಿ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿ, ಕೊನೆಯ ದಿನ ಮೂರು ಗಂಟೆ ಕನ್ನಡ ಕೊಟ್ಟರೆ ಏನು ಬಂತು? ಉಳುಮೆಗೆ ಎತ್ತು ಕೊಡದೆ ಒಕ್ಕಣೆಗೆ ಕೊಟ್ಟ ಹಾಗೆ.

ಈಗ ಮೊದಲಿನ ಹುಡುಗನ ಬಳಿಗೆ ಬರೋಣ. ಈ ನೂರು ವರ್ಷ ನಮ್ಮ ವಿದ್ವಾಂಸರು ಜಗಳ ಆಡಿದ್ದು ಬಿಡಿ ಶಬ್ದಗಳ ಮೇಲೆ. ಆಕ್ಸಿಜನ್ ಅನ್ನಬೇಕೆ, ಆಮ್ಲಜನಕ ಅನ್ನಬೇಕೆ? ನಮ್ಮ ಜನಕ್ಕೆ ಇಂಗ್ಲಿಷ್ ಶಬ್ದದ ಭಯ ಯಾವತ್ತೂ ಇರಲಿಲ್ಲ. ಕರೆಂಟು, ಫ್ಯೂಸು, ಮೋಟರು, ಯೂರಿಯಾ, ಇಂಜಕ್ಷನ್ನು ಎಲ್ಲವನ್ನೂ ಒಂದಕ್ಷರ ಓದದ ನಮ್ಮಪ್ಪಂದಿರು ಕನ್ನಡ ಮಾಡಿಕೊಂಡರು. ಸೆಲ್ಲು ಅಂದರೆ ಬ್ಯಾಟರಿಯದು ಅಂತ ಗೊತ್ತಿದ್ದ ಹುಡುಗ, ಮೈಯಲ್ಲೂ ಸೆಲ್ಲು ಇರುತ್ತದೆ ಅಂದಾಗ ಒಂದು ಗಳಿಗೆ ಬೆಪ್ಪಾದರೂ ಹೇಳಿಕೊಟ್ಟರೆ ಹಿಡಿದುಕೊಳ್ಳುತ್ತಾನೆ. ಬಸ್ಸಿನ ಕಂಡಕ್ಟರ್ ಬೇರೆ, ಕರೆಂಟಿನ ಕಂಡಕ್ಟರ್ ಬೇರೆ ಅಂತ ಒಂದು ಸಲ ಹೇಳಿದರೆ ಸಾಕು. ಅವನು ಎಡವುವುದು ವಾಕ್ಯದ ಮೇಲೆ. ನಮ್ಮ ಮಾತಿನಲ್ಲಿ ಕಾರಣ ಮೊದಲು ಬಂದು ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮುಂಚೆಯೇ ಬಂದು, ಷರತ್ತುಗಳು ಹಿಂದಿನಿಂದ ಬಾಲದ ಹಾಗೆ ಬರುತ್ತವೆ. ವಿಜ್ಞಾನ ಇರುವುದು ಆ ಬಾಲದಲ್ಲಿ. 'ವಿತ್ ರೆಸ್ಪೆಕ್ಟ್ ಟು', 'ಪ್ರೊವೈಡೆಡ್ ದಟ್', 'ಡೈರೆಕ್ಟ್ಲಿ ಪ್ರಪೋರ್ಷನಲ್ ಟು' ಅನ್ನುವ ಸಣ್ಣ ಸಣ್ಣ ಮಾತುಗಳನ್ನು ಯಾವ ಇಂಗ್ಲಿಷ್ ಮೇಷ್ಟ್ರೂ ಹೇಳಿಕೊಡಲಿಲ್ಲ, ಅದು ಸೈನ್ಸು ಅಂದರು. ಯಾವ ಸೈನ್ಸ್ ಲೆಕ್ಚರರೂ ಹೇಳಿಕೊಡಲಿಲ್ಲ, ಅದು ಇಂಗ್ಲಿಷು ಅಂದರು.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ವಿಜ್ಞಾನ ಅಂದರೆ ಯಾಕೆ ಅಂತ ಕೇಳುವುದು. ಯಾಕೆ ಅಂತ ಕೇಳಬೇಡ, ಹೇಳಿದ್ದು ಮಾಡು ಅನ್ನುವುದು ಜಾತಿ. ನಮ್ಮ ಹುಡುಗ ಬರದ ಭಾಷೆಯಲ್ಲಿ ಕೂತಿದ್ದಾಗ ಪ್ರಶ್ನೆ ಮನಸ್ಸಿನಲ್ಲೇ ಉಳಿಯುತ್ತದೆ. ವಾಕ್ಯ ಜೋಡಿಸುವಷ್ಟರಲ್ಲಿ ಪಾಠ ಮುಂದಕ್ಕೆ ಹೋಗಿರುತ್ತದೆ. ಧೈರ್ಯ ಮಾಡಿ ಎದ್ದರೆ ನಗುತ್ತಾರೆ. ಹೀಗೆ ವಿಜ್ಞಾನದ ಕ್ಲಾಸೇ ಅವನಿಗೆ ಸುಮ್ಮನಿರುವುದನ್ನು ಕಲಿಸುತ್ತದೆ, ಊರು ಸಾವಿರ ವರ್ಷ ಕಲಿಸಿದ್ದನ್ನೇ. 1856ರ ಹುಡುಗನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ನಮ್ಮ ಹುಡುಗ ಬಾಗಿಲ ಒಳಗೆ ಕೂತಿದ್ದಾನೆ, ಬಾಯಿ ಮಾತ್ರ ಹೊರಗೆ ಉಳಿದಿದೆ.

ಏನು ಮಾಡಬೇಕು? ಸರ್ಕಾರದ ಮುಂದೆ ನಮ್ಮ ಬೇಡಿಕೆಗಳು ಇವು. ಪಿಯುಸಿ ವಿಜ್ಞಾನದ ಪುಸ್ತಕ ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್ ಇಟ್ಟು ಅಚ್ಚಾಗಬೇಕು. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಮೂರು ತಿಂಗಳು ವಿಜ್ಞಾನದ ಇಂಗ್ಲಿಷನ್ನೇ ಹೇಳಿಕೊಡುವ ಕ್ಲಾಸು ಬೇಕು. ಹಾಸ್ಟೆಲುಗಳಲ್ಲಿ ಅನ್ನ ಬೇಯಿಸಿದ ಹಾಗೆ ಸಂಜೆ ಪಾಠವೂ ನಡೆಯಬೇಕು.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದು ಬೇಡಿಕೆಯಲ್ಲ, ಕೋರಿಕೆ. ನೀವು ಸರ್ಕಾರಕ್ಕೆ ಕಾಯಬೇಕಾಗಿಲ್ಲ. ಎಂಟನೇ ಕ್ಲಾಸಿನಿಂದಲೇ ಬೋರ್ಡಿನ ಮೇಲೆ ಎರಡೂ ಹೆಸರು ಬರೆಯಿರಿ. ಮೊದಲು ಮನೆಮಾತಿನಲ್ಲಿ ಹೇಳಿ, ಆಮೇಲೆ ಪುಸ್ತಕದ ಕನ್ನಡ, ಆಮೇಲೆ ಇಂಗ್ಲಿಷ್. 'ಕೆಲಸ' ಎಂಬ ಪಾಠ ಬಂದಾಗ ಎಚ್ಚರವಾಗಿರಿ. ತಲೆ ಮೇಲೆ ಗಾರೆ ಬುಟ್ಟಿ ಹೊತ್ತು ಸಮನೆಲದಲ್ಲಿ ದಿನವೆಲ್ಲ ನಡೆದ ತಾಯಿ ಭೂಮಿಯ ಸೆಳೆತಕ್ಕೆ ಎದುರಾಗಿ ಮಾಡಿದ ಕೆಲಸ ಸೊನ್ನೆ ಅನ್ನುತ್ತದೆ ಭೌತಶಾಸ್ತ್ರ. ಆ ತಾಯಿಯ ಮಗ ನಿಮ್ಮ ಮುಂದೆ ಕೂತಿರುತ್ತಾನೆ. ಭೌತಶಾಸ್ತ್ರದ 'ಕೆಲಸ' ಬೇರೆ, ಕೂಲಿಯ 'ಕೆಲಸ' ಬೇರೆ, ಅವಳ ಮಾಂಸಖಂಡ ಅನ್ನವನ್ನು ಸುಟ್ಟೇ ಆ ಬುಟ್ಟಿಯನ್ನು ಹೊತ್ತಿತು ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ ಅವನು ವಿಜ್ಞಾನವನ್ನು ನಂಬುವುದಿಲ್ಲ, ಇಲ್ಲವೆ ತಾಯಿಯನ್ನು ನಂಬುವುದಿಲ್ಲ. ಮುಖ್ಯವಾಗಿ, ಯಾವ ಮಾತಿನಲ್ಲಾದರೂ ಕೇಳಲಿ, ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಕೇಳಲಿ, ನಗಬೇಡಿ, ಬೇರೆಯವರು ನಗಲು ಬಿಡಬೇಡಿ.

ಮುಂದೆ ಓದಿ ಬಂದ ಗೆಳೆಯರಿಗೂ ಒಂದು ಮಾತು. ನಾವು ಕಷ್ಟಪಟ್ಟು ದಾಟಿದ ಹೊಳೆಗೆ ಹಿಂದಿನವರಿಗಾಗಿ ಒಂದು ಹಗ್ಗವನ್ನಾದರೂ ಕಟ್ಟಬೇಕು. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ನೋಟ್‌ಬುಕ್ಕು ತೆಗೆದುಕೊಂಡು ಹೋಗಿ, ಕೇರಿಯ ಲೈಟು ಕಂಬದ ಕೆಳಗೆ ಕೂತು ನಾಲ್ಕು ಮಕ್ಕಳಿಗೆ ಹೇಳಿಕೊಡಿ.

ನಮ್ಮ ಜೊತೆಯ ಆ ಹುಡುಗನಿಗೆ ಅವತ್ತು ಕೊಡಬೇಕಾಗಿದ್ದ ಉತ್ತರ ಬಹಳ ಸಣ್ಣದು. 'ಅಲ್ಲಿ ರೆಸ್ಪೆಕ್ಟ್ ಅಂದರೆ ಮರ್ಯಾದೆ ಅಲ್ಲ ಕಣಪ್ಪ. ವಿತ್ ರೆಸ್ಪೆಕ್ಟ್ ಟು ಟೈಮ್ ಅಂದರೆ ಹೊತ್ತಿನ ಲೆಕ್ಕದಲ್ಲಿ ಅಂತ. ಸ್ಟಾಪಿನಿಂದ ಬಸ್ಸು ಹೊರಡುತ್ತಲ್ಲ, ಒಂದೊಂದು ಸೆಕೆಂಡಿಗೂ ಅದರ ಓಟ ಎಷ್ಟೆಷ್ಟು ಹೆಚ್ಚುತ್ತೆ ಅನ್ನೋ ಲೆಕ್ಕವೇ ಆಕ್ಸಲರೇಷನ್. ಒಳ್ಳೆ ಪ್ರಶ್ನೆ ಕೇಳಿದೆ, ಕೂತ್ಕೊ.' ಅರ್ಧ ನಿಮಿಷದ ಮಾತು. ಅದನ್ನು ಹೇಳುವವರು ಯಾರೂ ಇರಲಿಲ್ಲ. ಇನ್ನು ಮುಂದೆ ಹೇಳುವವರು ನಾವಾಗಬೇಕು.